ಗೃಹ ಸಚಿವರಿಗೆ ಬಹಿರಂಗ ಪತ್ರ: ಆ ಹೆಣ್ಣುಮಕ್ಕಳ ಮೇಲಿನ ಕೇಸು ನಿಲ್ಲಲಿ, ಲೈಸೆನ್ಸಿನ ಮಾತೂ ಬೇಡ

ಗೆ,
ಮಾನ್ಯ ಗೃಹ ಸಚಿವರು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು

ವಿಷಯ: ಲೈಂಗಿಕ ವೃತ್ತಿಯಲ್ಲಿರುವ ವಯಸ್ಕ ಮಹಿಳೆಯರ ಮೇಲೆ ಕೇಸು ಹಾಕುವುದನ್ನು ನಿಲ್ಲಿಸುವ ಬಗ್ಗೆ

ಮಾನ್ಯರೇ,

ನಾನು ಉತ್ತರ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿ ವಕೀಲೆ. ಕಾನೂನು ಸೇವಾ ಪ್ರಾಧಿಕಾರದ ಪ್ಯಾನಲ್‌ನಲ್ಲಿದ್ದೇನೆ. ಫೀಸು ಕೊಟ್ಟು ವಕೀಲರನ್ನು ಇಟ್ಟುಕೊಳ್ಳಲು ಆಗದವರ ಪರ ನಿಲ್ಲುವುದು ನನ್ನ ಕೆಲಸ. ಹಾಗಾಗಿ ಲಾಡ್ಜ್‌ನಿಂದ, ಬಸ್ ಸ್ಟ್ಯಾಂಡಿನಿಂದ, ಬೈಪಾಸ್ ರಸ್ತೆಯಿಂದ ಪೊಲೀಸರು ಹಿಡಿದು ತಂದ ಹೆಣ್ಣುಮಕ್ಕಳ ಕಾಗದಪತ್ರ ನನ್ನ ಕೈಗೆ ಬರುತ್ತವೆ. ಅವುಗಳಲ್ಲಿ ಓದಿದ್ದನ್ನು, ಕೋರ್ಟ್ ಹಾಲಿನಲ್ಲಿ ಕಣ್ಣಾರೆ ನೋಡಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಪೊಲೀಸ್ ಇಲಾಖೆ ನಿಮ್ಮ ಕೈಯಲ್ಲಿದೆ. ಸಂಸತ್ತು ಕಾಯ್ದೆ ಬದಲಿಸುವವರೆಗೂ ಕಾಯದೆ ನೀವು ಮಾಡಬಹುದಾದ್ದು ಬಹಳ ಇದೆ. ಅದಕ್ಕೇ ಈ ಪತ್ರ ನಿಮಗೆ.

ಮೊದಲು ಕಾನೂನಿನ ಮಾತು. ವಯಸ್ಸಿಗೆ ಬಂದ ಹೆಣ್ಣೊಬ್ಬಳು ಹಣಕ್ಕಾಗಿ ಲೈಂಗಿಕ ಸಂಬಂಧಕ್ಕೆ ಒಪ್ಪುವುದು ನಮ್ಮ ದೇಶದಲ್ಲಿ ಅಪರಾಧವಲ್ಲ. 1956ರ ಅನೈತಿಕ ಸಾಗಾಣಿಕೆ ತಡೆ ಕಾಯ್ದೆಯನ್ನು ನಾವು ಕೋರ್ಟಿನವರು ಐಟಿಪಿ ಕಾಯ್ದೆ ಅನ್ನುತ್ತೇವೆ. ಅದರಲ್ಲಿ ಎಲ್ಲಿ ಹುಡುಕಿದರೂ ಅಂಥ ಸೆಕ್ಷನ್ ಇಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಇದನ್ನೇ ಹೇಳಿ, ಸರ್ಕಾರಿ ನಿಲಯದಲ್ಲಿ ಇಟ್ಟಿದ್ದ ಮೂವರು ಯುವತಿಯರನ್ನು ಬಿಡಿಸಿತು. ನಮ್ಮ ಹೈಕೋರ್ಟ್ ಕೂಡ 2024ರ ಜನವರಿಯಲ್ಲಿ ಒಬ್ಬ ಮಹಿಳೆಯ ಮೇಲಿನ ಕೇಸನ್ನು ರದ್ದು ಮಾಡಿತು. ಐದನೇ ಸೆಕ್ಷನ್ ಇರುವುದು ಬೇರೆಯವರನ್ನು ಈ ಕೆಲಸಕ್ಕೆ ತಳ್ಳುವವರಿಗಾಗಿ, ತಳ್ಳಿಸಿಕೊಂಡವಳನ್ನು ಶಿಕ್ಷಿಸಲಿಕ್ಕಲ್ಲ ಎಂದಿತು. ಆ ಕೇಸು ದಾಖಲಾಗಿದ್ದು 2013ರಲ್ಲಿ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಆಕೆ ಆರೋಪಿಯಾಗಿಯೇ ಇದ್ದಳು.

ಕೆಲಸ ಅಪರಾಧ ಅಲ್ಲ. ಆದರೆ ಆ ಕೆಲಸದ ಸುತ್ತ ಇರುವ ಎಲ್ಲವೂ ಅಪರಾಧ. ರಸ್ತೆಯಲ್ಲಿ ನಿಂತು ಗಿರಾಕಿಯನ್ನು ಕರೆದರೆ ಎಂಟನೇ ಸೆಕ್ಷನ್, ಆರು ತಿಂಗಳವರೆಗೆ ಜೈಲು. ಅದೇ ಸೆಕ್ಷನ್‌ನಲ್ಲಿ ಸಿಕ್ಕಿಬಿದ್ದವನು ಗಂಡಸಾದರೆ ಏಳು ದಿನದಿಂದ ಮೂರು ತಿಂಗಳು. ಗುಡಿ, ಮಸೀದಿ, ಶಾಲೆ, ಹಾಸ್ಟೆಲ್, ಆಸ್ಪತ್ರೆಯಿಂದ 200 ಮೀಟರ್ ಒಳಗಾದರೆ ಏಳನೇ ಸೆಕ್ಷನ್. ನಮ್ಮ ಊರುಗಳಲ್ಲಿ 200 ಮೀಟರ್ ಸುತ್ತ ಒಂದು ಗುಡಿಯೂ ಇಲ್ಲದ, ಒಂದು ನರ್ಸಿಂಗ್ ಹೋಮೂ ಇಲ್ಲದ ಜಾಗ ಎಲ್ಲಿದೆ ಹೇಳಿ? ಒಬ್ಬಳೇ ಇರಲು ಹೆದರಿ ಇಬ್ಬರು ಸೇರಿ ಒಂದು ಬಾಡಿಗೆ ರೂಮು ಮಾಡಿಕೊಂಡರೆ ಆ ರೂಮೇ ವೇಶ್ಯಾಗೃಹ. ಕಾಯ್ದೆಯ ವ್ಯಾಖ್ಯೆಯಲ್ಲೇ 'ಇಬ್ಬರು ಅಥವಾ ಹೆಚ್ಚು ಮಂದಿಯ ಪರಸ್ಪರ ಲಾಭಕ್ಕೆ' ಅಂತಿದೆ. ಆಗ ಮೂರನೇ ಸೆಕ್ಷನ್, ಕನಿಷ್ಠ ಒಂದು ವರ್ಷ ಕಠಿಣ ಶಿಕ್ಷೆ. ಅಂದರೆ ಜೊತೆಗೊಬ್ಬಳಿದ್ದರೆ ಜೀವಕ್ಕೆ ಧೈರ್ಯ, ಕಾನೂನಿಗೆ ಹೆಚ್ಚಿನ ಅಪರಾಧ.

ಇದು ಹೇಗೆ ನಡೆಯುತ್ತದೆ ಅಂತ ಹತ್ತಿರದಿಂದ ತೋರಿಸುತ್ತೇನೆ. ನನ್ನ ಮೇಜಿನ ಮೇಲೆ ಒಂದು ಲಾಡ್ಜ್ ದಾಳಿಯ ಮಹಜರು ಇದೆ. ಮುದ್ದೆಮಾಲಿನ, ಅಂದರೆ ವಶಪಡಿಸಿಕೊಂಡ ವಸ್ತುಗಳ, ಪಟ್ಟಿಯಲ್ಲಿ ಒಂದು ಹಳೇ ಮೊಬೈಲ್, ಏಳುನೂರು ರೂಪಾಯಿ ನಗದು, ಆಮೇಲೆ ಕಾಂಡೋಮ್ ಪ್ಯಾಕೆಟ್‌ಗಳು. ಅವು ಮೆಡಿಕಲ್ ಶಾಪಿನಲ್ಲಿ ಕೊಂಡವಲ್ಲ. ಏಡ್ಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಸರ್ಕಾರವೇ ಪುಕ್ಕಟೆ ಹಂಚುವ ನಿರೋಧ್, ಮಾರಾಟಕ್ಕಲ್ಲ ಎಂದು ಮೇಲೇ ಮುದ್ರಿಸಿದೆ. ಒಂದು ಇಲಾಖೆಯ ಕಾರ್ಯಕರ್ತೆ ಬೆಳಿಗ್ಗೆ ಬಂದು 'ದಯವಿಟ್ಟು ಇಟ್ಕೊಳ್ಳಿ, ಇಲ್ಲದೆ ಯಾರ ಜೊತೆಗೂ ಹೋಗಬೇಡಿ' ಎಂದು ಕೈಗೆ ಕೊಟ್ಟು ಹೋಗುತ್ತಾಳೆ. ಸಂಜೆ ಇನ್ನೊಂದು ಇಲಾಖೆ ಅದನ್ನೇ ಅರಗು ಹಾಕಿ ಸೀಲ್ ಮಾಡಿ ಕೋರ್ಟಿಗೆ ತರುತ್ತದೆ. ಇಂಥ ಒಂದು ದಾಳಿ ಆದಮೇಲೆ ಆ ಬಸ್ ಸ್ಟ್ಯಾಂಡಿನ ಸುತ್ತ ಯಾರ ಬ್ಯಾಗಿನಲ್ಲೂ ಕಾಂಡೋಮ್ ಇರುವುದಿಲ್ಲ. ಇದು ನನ್ನ ಊಹೆಯಲ್ಲ, ಆ ಕಾರ್ಯಕರ್ತೆಯರೇ ಹೇಳುವ ಮಾತು.

2014ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಕೆನಡಾದ ವ್ಯಾಂಕೂವರ್, ಕೀನ್ಯಾದ ಮೊಂಬಾಸಾ, ನಮ್ಮ ಬಳ್ಳಾರಿ, ಈ ಮೂರು ಊರುಗಳ ಲೆಕ್ಕ ಇಟ್ಟುಕೊಂಡು ಮಾಡಿದ್ದು. ಲೈಂಗಿಕ ವೃತ್ತಿಯನ್ನು ಅಪರಾಧದ ಪಟ್ಟಿಯಿಂದ ತೆಗೆದರೆ ಹತ್ತು ವರ್ಷಗಳಲ್ಲಿ ಹೊಸ ಎಚ್‌ಐವಿ ಸೋಂಕುಗಳಲ್ಲಿ ಶೇ 33ರಿಂದ 46ರಷ್ಟನ್ನು ತಡೆಯಬಹುದು ಎಂದು ಅದರಲ್ಲಿ ಅಂದಾಜು ಮಾಡಿದ್ದರು. ಬೇರೆ ಯಾವ ಒಂದು ಕ್ರಮಕ್ಕೂ ಅಷ್ಟು ಫಲ ಕಾಣಲಿಲ್ಲ. ನಮ್ಮದೇ ಬಳ್ಳಾರಿಯ ಹೆಣ್ಣುಮಕ್ಕಳ ಬದುಕಿನ ಲೆಕ್ಕ ಆ ಅಧ್ಯಯನದಲ್ಲಿದೆ. ವಿಧಾನಸೌಧದಲ್ಲಿ ಯಾರಾದರೂ ಅದನ್ನು ಓದಬೇಕಿತ್ತು ಅಲ್ವಾ?

ದಾಳಿಯ ನಿಯಮಗಳೂ ಕಾಯ್ದೆಯಲ್ಲೇ ಇವೆ. ದಾಳಿಗೆ ಹೊಣೆಯಾದ ವಿಶೇಷ ಪೊಲೀಸ್ ಅಧಿಕಾರಿ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರಾಗಿರಬಾರದು. ಕನಿಷ್ಠ ಇಬ್ಬರು ಮಹಿಳಾ ಪೊಲೀಸರು ಜೊತೆಗಿರಬೇಕು. ಆ ಬಡಾವಣೆಯ ಗೌರವಸ್ಥರಿಬ್ಬರು ಸಾಕ್ಷಿಗಿರಬೇಕು, ಅವರಲ್ಲಿ ಒಬ್ಬರು ಹೆಂಗಸಾಗಿರಬೇಕು. ನಾನು ನೋಡಿದ ಮಹಜರುಗಳಲ್ಲಿ ಊರಿನ ಬೇರೆ ಬೇರೆ ಮೂಲೆಯ ದಾಳಿಗಳಿಗೆ ಅದೇ ಇಬ್ಬರು ಗಂಡಸರು ಸಹಿ ಹಾಕಿದ್ದಾರೆ. ಕೇಳಿದರೆ 'ಅರ್ಜೆಂಟಿನಾಗ ಸಿಕ್ಕವರನ್ನ ಕರ್ಕೊಂಡ್ ಹೋಗೇವ್ರಿ ಮೇಡಂ' ಅನ್ನುತ್ತಾರೆ. ದಾಳಿಯ ವೀಡಿಯೊ ಮಾತ್ರ ತಪ್ಪುವುದಿಲ್ಲ. ಮುಖದ ಮೇಲೆ ದುಪಟ್ಟಾ ಎಳೆದುಕೊಂಡು ಗೋಡೆ ಕಡೆ ತಿರುಗಿ ನಿಂತವರ ವೀಡಿಯೊ ಮಹಜರು ಮುಗಿಯುವ ಮುಂಚೆಯೇ ಊರಿನ ವಾಟ್ಸ್‌ಆ್ಯಪ್ ಗ್ರೂಪುಗಳಿಗೆ ಹೋಗಿರುತ್ತದೆ. ಒಬ್ಬಾಕೆಯ ಮಗಳು ಒಂಬತ್ತನೇ ತರಗತಿ. ಕ್ಲಾಸಿನ ಹುಡುಗರ ಫೋನಿನಲ್ಲಿ ತಾಯಿಯ ಸೀರೆ ನೋಡಿ ಗುರುತು ಹಿಡಿದಳು. ಆಮೇಲೆ ಅವಳು ಶಾಲೆಗೆ ಹೋಗಲಿಲ್ಲ.

ಇನ್ನು ಕೋರ್ಟಿನಲ್ಲಿ ಆಗುವುದು. ಎಂಟನೇ ಸೆಕ್ಷನ್ ಕೇಸಿನಲ್ಲಿ ಹೆಚ್ಚಿನವರು ತಪ್ಪೊಪ್ಪಿಕೊಂಡು ದಂಡ ಕಟ್ಟುತ್ತಾರೆ. ವಾದ ಮಾಡೋಣ, ಕೇಸು ನಿಲ್ಲುವುದಿಲ್ಲ ಎಂದು ನಾನು ಹೇಳಿದರೆ ಬರುವ ಉತ್ತರ ಒಂದೇ: 'ಅಕ್ಕಾರ, ಪ್ರತಿ ತಾರೀಖಿಗೂ ಬಂದ್ರ ಅವತ್ತಿನ ದುಡಿಮಿ ಹೋಗ್ತೈತ್ರಿ. ಐನೂರು ಕಟ್ಟಿ ಕೈ ತೊಳ್ಕೋತೀನ್ರಿ.' ಆ ಐನೂರರಲ್ಲಿ ಕೈ ತೊಳೆದುಕೊಳ್ಳಲು ಆಗುವುದಿಲ್ಲ ಎನ್ನುವುದನ್ನು ಆಕೆಗೆ ಯಾರೂ ಹೇಳಿರುವುದಿಲ್ಲ. ಅದು ದಾಖಲೆಯಲ್ಲಿ ಮೊದಲ ಶಿಕ್ಷೆ. ಎರಡನೇ ಸಲ ಸಿಕ್ಕರೆ ಒಂದು ವರ್ಷದವರೆಗೆ ಜೈಲು. 10ಎ ಸೆಕ್ಷನ್ ಪ್ರಕಾರ ಜೈಲಿನ ಬದಲು ಎರಡರಿಂದ ಐದು ವರ್ಷ 'ಸುಧಾರಣಾ ಸಂಸ್ಥೆ'ಯಲ್ಲಿ ಇಡಲೂ ಬರುತ್ತದೆ. ಜೈಲಾದರೆ ಆರು ತಿಂಗಳು, ಸುಧಾರಣೆಯಾದರೆ ಐದು ವರ್ಷ.

ದಂಡಕ್ಕೆ ಹಣ ಎಲ್ಲಿಂದ ಬರುತ್ತದೆ? ವಾರದ ಬಡ್ಡಿಯವನಿಂದ. ಅದನ್ನು ತೀರಿಸಲು ಆಕೆ ಇನ್ನೂ ಜಾಸ್ತಿ ದಿನ ರಸ್ತೆಗೆ ಹೋಗಬೇಕು. ಮೊದಲು ಬೇಡ ಅನ್ನುತ್ತಿದ್ದ ಗಿರಾಕಿಗೂ ಹೂಂ ಅನ್ನಬೇಕು. ಈ ವೃತ್ತಿಯಿಂದ ಬಿಡಿಸುತ್ತೇವೆ ಎಂದು ಹಾಕಿದ ಕೇಸೇ ಆಕೆಯನ್ನು ಅಲ್ಲಿ ಗಟ್ಟಿಯಾಗಿ ಕಟ್ಟಿಹಾಕುತ್ತದೆ.

ನಾಲ್ಕನೇ ಸೆಕ್ಷನ್ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಇನ್ನೊಬ್ಬರ ವೇಶ್ಯಾವೃತ್ತಿಯ ಸಂಪಾದನೆಯಲ್ಲಿ ಬದುಕುವ 18 ವರ್ಷ ದಾಟಿದ ಯಾರಿಗಾದರೂ ಎರಡು ವರ್ಷದವರೆಗೆ ಜೈಲು. ಪಿಂಪ್‌ಗಳನ್ನು ಹಿಡಿಯಲು ಮಾಡಿದ್ದು ಅನ್ನುತ್ತಾರೆ. ಆದರೆ ಆಕೆಯ ಜೊತೆ ಒಂದೇ ಮನೆಯಲ್ಲಿ ಇದ್ದರೆ ಸಾಕು, ಆ ಸಂಪಾದನೆಯಲ್ಲೇ ಬದುಕುತ್ತಿದ್ದಾನೆ ಎಂದು ಕೋರ್ಟು ಮೊದಲೇ ನಂಬಬೇಕು. ಅಲ್ಲ ಅಂತ ಸಾಬೀತು ಮಾಡುವ ಹೊಣೆ ಅವನದ್ದು. ನನ್ನ ಒಬ್ಬ ಕಕ್ಷಿದಾರ ಡಿಪ್ಲೊಮಾ ಓದುತ್ತಿದ್ದ ಹತ್ತೊಂಬತ್ತು ವರ್ಷದ ಹುಡುಗ. ಮನೆಯಲ್ಲಿ ತಾಯಿ, ಕಣ್ಣು ಕಾಣದ ಅಜ್ಜಿ, ಅವನು. ತಾಯಿಯನ್ನು ಹಿಡಿದ ದಿನ ಅವನ ಹೆಸರೂ ಎಫ್‌ಐಆರ್‌ನಲ್ಲಿ ಸೇರಿತು. ಅವನ ಕಾಲೇಜು ಫೀಸನ್ನು ತಾಯಿ ಕಟ್ಟಿದ್ದಳು. ಅದೇ ಅವನ ಅಪರಾಧ. ಜಾಮೀನು ಸಿಗುವುದರೊಳಗೆ ಸೆಮಿಸ್ಟರ್ ಪರೀಕ್ಷೆ ಮುಗಿದಿತ್ತು. ಆ ತಾಯಿ ತನ್ನ ಮೇಲಿನ ಕೇಸಿನ ಬಗ್ಗೆ ನನ್ನನ್ನು ಏನೂ ಕೇಳಲಿಲ್ಲ. 'ಅವನ ಹೆಸರು ತೆಗಸ್ರಿ ಅಕ್ಕಾರ, ನನ್ನನ್ನ ಬೇಕಾದ್ರ ಒಳಗ ಹಾಕ್ಲಿ' ಎಂದಳು. ನಿಜವಾದ ಪಿಂಪ್‌ಗಳು ಎಫ್‌ಐಆರ್‌ನಲ್ಲಿ 'ಪರಾರಿ' ಎಂದಿರುತ್ತಾರೆ.

ಮತ್ತೆ 'ರಕ್ಷಣೆ'. ದಾಳಿಯಲ್ಲಿ ಸಿಕ್ಕವರನ್ನು ಆರೋಪಿ ಮಾಡದಿದ್ದರೆ ಸಂತ್ರಸ್ತೆ ಎಂದು ಮಹಿಳಾ ನಿಲಯಕ್ಕೆ ಕಳಿಸುತ್ತಾರೆ. ವಿಚಾರಣೆ ನಡೆಯುವಾಗ ಮೂರು ವಾರಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದು ಎಂದು 17ನೇ ಸೆಕ್ಷನ್ ಹೇಳುತ್ತದೆ. ಅದೇ ಸೆಕ್ಷನ್ ಪ್ರಕಾರ ಆಮೇಲೆ ಒಂದರಿಂದ ಮೂರು ವರ್ಷ ಇಡಲೂ ಬರುತ್ತದೆ. ಮೂವತ್ತು ದಾಟಿದ, ಎರಡು ಮಕ್ಕಳ ತಾಯಿಯೊಬ್ಬಳನ್ನು ಬಿಡಲು ಅಪ್ಪನೋ ಗಂಡನೋ ಬಂದು ಸಹಿ ಹಾಕಬೇಕು ಎಂದು ಪಟ್ಟು ಹಿಡಿದಿದ್ದನ್ನು ನಾನು ನೋಡಿದ್ದೇನೆ. ಅಪ್ಪ ತೀರಿಕೊಂಡಿದ್ದ. ಗಂಡ ಬಿಟ್ಟುಹೋಗಿದ್ದ. ಅವನು ಬಿಟ್ಟುಹೋದದ್ದಕ್ಕೇ ಆಕೆ ಈ ಕೆಲಸಕ್ಕೆ ಬಂದದ್ದು. ಮಕ್ಕಳು ಅಷ್ಟೂ ದಿನ ಪಕ್ಕದ ಮನೆಯಲ್ಲಿದ್ದರು. ಆ ಪಕ್ಕದ ಮನೆಯಾಕೆಗೆ ನಾನು ಕೈಮುಗಿಯುತ್ತೇನೆ. ಸರ್ಕಾರ ಮಾಡದ ಕೆಲಸ ಆಕೆ ಮಾಡಿದಳು.

ಇಷ್ಟರ ಮಧ್ಯೆ ನಿಜವಾದ ಅಪರಾಧಗಳು ದಾಖಲಾಗುವುದೇ ಇಲ್ಲ. ಗಿರಾಕಿ ಹೊಡೆದ, ಕತ್ತಿನ ಸರ ಕಿತ್ತುಕೊಂಡ, ಒಬ್ಬ ಎಂದು ಕರೆದು ನಾಲ್ವರು ಬಂದರು. ಇವೆಲ್ಲ ನನ್ನ ಕಿವಿಗೆ ಬಿದ್ದಿವೆ, ಠಾಣೆಯ ಪುಸ್ತಕದಲ್ಲಿ ಇಲ್ಲ. ಠಾಣೆಗೆ ಹೋದರೆ ಮೊದಲು ಕೇಳುವುದು 'ನೀನು ಅಲ್ಲಿ ಯಾಕೆ ನಿಂತಿದ್ದೆ?' ದೂರು ಕೊಡಲು ಹೋದವಳು ತಾನೇ ಆರೋಪಿಯಾಗಿ ಹೊರಬರಬಹುದು ಎಂಬ ಭಯ ಇದ್ದಾಗ ಯಾರು ಹೋಗುತ್ತಾರೆ? ಹೊಡೆಯುವವನಿಗೂ ಇದು ಗೊತ್ತು. ಆ ಧೈರ್ಯದಲ್ಲೇ ಅವನು ಕೈ ಎತ್ತುತ್ತಾನೆ.

1999ರಲ್ಲಿ ಕೋಲ್ಕತ್ತದಲ್ಲಿ ಲೈಂಗಿಕ ವೃತ್ತಿಯ ಮಹಿಳೆಯೊಬ್ಬಳನ್ನು ಒಬ್ಬ ಹೊಡೆದು ಕೊಂದ. ಆ ಕೊಲೆ ಕೇಸಿನ ಮೇಲ್ಮನವಿ, ಬುದ್ಧದೇವ ಕರ್ಮಸ್ಕರ್ ಪ್ರಕರಣ, 2011ರಲ್ಲಿ ಸುಪ್ರೀಂ ಕೋರ್ಟಿಗೆ ಬಂತು. ಶಿಕ್ಷೆ ಖಾಯಂ ಮಾಡಿ ಕೈತೊಳೆದುಕೊಳ್ಳದೆ ಕೋರ್ಟು ಒಂದು ಸಮಿತಿ ಮಾಡಿತು. ಆ ದಾರಿಯಲ್ಲಿ ಬಂದದ್ದೇ 2022ರ ಮೇ 19ರ ಆದೇಶ. ಯಾವ ಕೆಲಸದಲ್ಲಿದ್ದರೂ ಸಂವಿಧಾನದ 21ನೇ ವಿಧಿಯ ಪ್ರಕಾರ ಘನತೆಯಿಂದ ಬದುಕುವ ಹಕ್ಕು ಎಲ್ಲರಿಗೂ ಇದೆ ಎಂದಿತು. ಕಾಂಡೋಮ್ ಅಪರಾಧಕ್ಕೆ ಸಾಕ್ಷಿಯಲ್ಲ. ಅತ್ಯಾಚಾರಕ್ಕೊಳಗಾದವಳು ಈ ವೃತ್ತಿಯವಳಾದರೂ ಬೇರೆಯವರಿಗೆ ಸಿಗುವ ಎಲ್ಲ ನೆರವೂ ಸಿಗಬೇಕು. ಮನಸ್ಸಿಲ್ಲದೆ ನಿಲಯಗಳಲ್ಲಿ ಇರುವ ವಯಸ್ಕ ಮಹಿಳೆಯರ ಸಮೀಕ್ಷೆ ಮಾಡಿ, ಅವರನ್ನು ನಿಗದಿತ ಸಮಯದಲ್ಲಿ ಬಿಡುವ ವ್ಯವಸ್ಥೆಯಾಗಬೇಕು. ದಾಳಿಯ ಸುದ್ದಿಯಲ್ಲಿ ಗುರುತು ಬಯಲಾಗಬಾರದು. ಸಂಸತ್ತು ಕಾನೂನು ಮಾಡುವವರೆಗೆ ಈ ನಿರ್ದೇಶನಗಳೇ ನಡೆಯಬೇಕು ಎಂದು ರಾಜ್ಯಗಳಿಗೆ ಹೇಳಿತು. ಆ ಆದೇಶದ ಪ್ರತಿ ಹಿಡಿದು ನಾನು ಠಾಣೆಗೆ ಹೋದಾಗ ಸಿಕ್ಕ ಉತ್ತರ: 'ನಮಗ ಸರ್ಕ್ಯುಲರ್ ಬಂದಿಲ್ರಿ ಮೇಡಂ.' ಠಾಣೆಯವರನ್ನು ದೂರಿ ಏನು ಪ್ರಯೋಜನ? ಸರ್ಕ್ಯುಲರ್ ಕಳಿಸಬೇಕಾದ್ದು ಮೇಲಿನಿಂದ.

ಇನ್ನೊಂದು ವಿಷಯ ಮುಚ್ಚಿಡುವುದಿಲ್ಲ. ವಯಸ್ಕ ಮಹಿಳೆ ಸ್ವಂತ ಒಪ್ಪಿಗೆಯಿಂದ ಈ ಕೆಲಸದಲ್ಲಿದ್ದರೆ ಪೊಲೀಸರು ಮಧ್ಯೆ ಬರಬಾರದು, ದಾಳಿಯಲ್ಲಿ ಆಕೆಯನ್ನು ಬಂಧಿಸಬಾರದು ಎಂಬ ಸಮಿತಿಯ ಶಿಫಾರಸುಗಳಿಗೆ ಕೇಂದ್ರ ಸರ್ಕಾರ ತಕರಾರು ತೆಗೆಯಿತು. ಅವು ಕಡ್ಡಾಯವಾಗಲಿಲ್ಲ. ಆದರೆ ಒಂದು ರಾಜ್ಯ ತಾನಾಗಿಯೇ ಹಾಗೆ ನಡೆದುಕೊಳ್ಳಲು ಯಾರೂ ಅಡ್ಡ ಬಂದಿಲ್ಲ. ಯಾರನ್ನು ಹಿಡಿಯಬೇಕು, ಯಾವುದಕ್ಕೆ ಪೊಲೀಸರ ಸಮಯ ಖರ್ಚಾಗಬೇಕು ಎಂದು ತೀರ್ಮಾನಿಸುವವರು ನೀವು.

ಈಗ ಲೈಸೆನ್ಸಿನ ಮಾತು. ಟಿವಿ ಚರ್ಚೆಯಲ್ಲಿ, ಕ್ಲಬ್ಬಿನಲ್ಲಿ, ನಮ್ಮ ಬಾರ್ ರೂಮಿನಲ್ಲೂ ಕೇಳುತ್ತೇನೆ: 'ಕಾನೂನುಬದ್ಧ ಮಾಡಿಬಿಡಿ, ಎಲ್ಲರಿಗೂ ಕಾರ್ಡ್ ಕೊಡಿ, ತಿಂಗಳಿಗೊಮ್ಮೆ ಟೆಸ್ಟ್ ಮಾಡಿಸಿ, ಊರಾಚೆ ಒಂದು ಜಾಗ ಕೊಡಿ.' ಹೇಳುವವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಇದನ್ನು ನಮ್ಮ ನೆಲದಲ್ಲಿ ಒಮ್ಮೆ ಮಾಡಿ ನೋಡಿಯಾಗಿದೆ. ಬ್ರಿಟಿಷರು 1868ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದರು. ಅದಕ್ಕೂ ಮೊದಲು 1864ರ ಕಂಟೋನ್ಮೆಂಟ್ ಕಾಯ್ದೆ ಇತ್ತು. ಹೆಣ್ಣುಮಕ್ಕಳು ಹೆಸರು ನೋಂದಾಯಿಸಬೇಕು, ಕಾಲಕಾಲಕ್ಕೆ ಬಲವಂತದ ತಪಾಸಣೆಗೆ ಒಳಗಾಗಬೇಕು, ಕಾಯಿಲೆ ಕಂಡರೆ ಲಾಕ್ ಆಸ್ಪತ್ರೆಯಲ್ಲಿ ಕೂಡಿಹಾಕುತ್ತಿದ್ದರು. ಬೆಂಗಳೂರಿನ ದಂಡು ಪ್ರದೇಶದಲ್ಲೂ ಅಂಥ ಆಸ್ಪತ್ರೆ ಇತ್ತು. ಕಾಯಿಲೆ ಹಂಚುತ್ತಿದ್ದ ಸಿಪಾಯಿಗಳಿಗೆ ಆ ಕಟ್ಟಳೆ ಇರಲಿಲ್ಲ. ಹೆಣ್ಣುಮಕ್ಕಳು ತಪಾಸಣೆಗೆ ಹೆದರಿ ಊರು ಬಿಟ್ಟು ಓಡಿದರು. 1888ರಲ್ಲಿ ಆ ಕಾಯ್ದೆಯನ್ನೇ ವಾಪಸ್ ತೆಗೆದುಕೊಳ್ಳಬೇಕಾಯಿತು.

ಜರ್ಮನಿ 2002ರಲ್ಲಿ ಈ ವೃತ್ತಿಗೆ ಕಾನೂನಿನ ಪೂರ್ಣ ಮಾನ್ಯತೆ ಕೊಟ್ಟಿತು. 2017ರಲ್ಲಿ ನೋಂದಣಿ ಕಡ್ಡಾಯ ಮಾಡಿತು. 2019ರ ಕೊನೆಗೆ ನೋಂದಾಯಿಸಿಕೊಂಡವರು ಸುಮಾರು 40 ಸಾವಿರ. ಈ ಕೆಲಸದಲ್ಲಿರುವವರು ಅದಕ್ಕಿಂತ ಎಷ್ಟೋ ಜಾಸ್ತಿ ಎನ್ನುವುದು ಅಲ್ಲಿ ಎಲ್ಲರಿಗೂ ಗೊತ್ತು. ಹೆಸರು ಬರೆಸದವರು ಮತ್ತೆ ಕಾನೂನಿನ ಹೊರಗೇ ಉಳಿದರು. ನಮ್ಮಲ್ಲಿ ಏನಾಗುತ್ತದೆ ಯೋಚಿಸಿ. ಕಾರ್ಡ್ ಇದ್ದವಳು ಊರಿಗೆಲ್ಲ ಗುರುತಾಗುತ್ತಾಳೆ. ಆಕೆಯ ಮಗಳಿಗೆ ಗಂಡು ಸಿಗುವುದಿಲ್ಲ, ಮಗನಿಗೆ ಬಾಡಿಗೆ ಮನೆ ಸಿಗುವುದಿಲ್ಲ. ಮುಂದೆ ಈ ಕೆಲಸ ಬಿಡಬೇಕೆಂದರೂ ಕಾರ್ಡು ಬಿಡುವುದಿಲ್ಲ. ಕಾರ್ಡ್ ಇಲ್ಲದವಳಿಂದ ಮಾಮೂಲಿ ವಸೂಲಿ ಮಾಡಲು ಇನ್ನೊಂದು ನೆಪ ಸಿಗುತ್ತದೆ. ಲೈಸೆನ್ಸ್ ತೆಗೆದುಕೊಳ್ಳಲು ಶಕ್ತಿ ಇರುವುದು ಲಾಡ್ಜ್ ಮಾಲೀಕನಿಗೆ, ಬಸ್ ಸ್ಟ್ಯಾಂಡಿನಲ್ಲಿ ನಿಂತವಳಿಗಲ್ಲ.

ನ್ಯೂಜಿಲೆಂಡ್ ಬೇರೆ ದಾರಿ ಹಿಡಿಯಿತು. 2003ರಲ್ಲಿ ಅಲ್ಲಿನ ಸಂಸತ್ತು 60-59ರಲ್ಲಿ, ಒಂದೇ ಮತದ ಅಂತರದಲ್ಲಿ, ಇದನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. ನಾಲ್ವರವರೆಗೆ ಮಹಿಳೆಯರು ತಾವೇ ಸೇರಿ ಒಂದು ಮನೆಯಲ್ಲಿ ಕೆಲಸ ಮಾಡಿದರೆ ಯಾವ ಪ್ರಮಾಣಪತ್ರವೂ ಬೇಕಿಲ್ಲ. ದೊಡ್ಡದಾಗಿ ನಡೆಸುವವನಿಗೆ ಮಾತ್ರ ಬೇಕು. ಬೇಡ ಅನ್ನುವ ಹಕ್ಕು ಯಾವ ಕ್ಷಣದಲ್ಲೂ ಆಕೆಗಿದೆ ಎಂದು ಕಾಯ್ದೆಯಲ್ಲೇ ಬರೆದರು. ಐದು ವರ್ಷದ ನಂತರ, 2008ರಲ್ಲಿ, ಸರ್ಕಾರದ ಸಮಿತಿ ಪರಿಶೀಲಿಸಿ ಈ ಕೆಲಸಕ್ಕೆ ಬರುವವರ ಸಂಖ್ಯೆ ಏರಿಲ್ಲ ಎಂದಿತು. ಬೆಲ್ಜಿಯಂ 2022ರಲ್ಲಿ ಅದೇ ದಾರಿಗೆ ಬಂತು. 2024ರ ಡಿಸೆಂಬರ್‌ನಿಂದ ಅಲ್ಲಿ ಒಪ್ಪಂದದ ಮೇಲೆ ಕೆಲಸ ಮಾಡುವವರಿಗೆ ಹೆರಿಗೆ ರಜೆ, ಪಿಂಚಣಿ ಕೂಡ ಇದೆ. ನಾವು ಇವತ್ತೇ ಅಷ್ಟು ದೂರ ಹೋಗಬೇಕು ಎಂದು ನಾನು ಕೇಳುತ್ತಿಲ್ಲ. ಹೆದರಿಕೆ ಇಲ್ಲದೆ ಠಾಣೆಗೆ ಹೋಗುವಂತಾದರೆ ಅದೇ ಮೊದಲ ಹೆಜ್ಜೆ.

ವಿರೋಧಿಸುವವರ ಮಾತನ್ನೂ ನಾನು ಸುಮ್ನೆ ತಳ್ಳಿಹಾಕುವುದಿಲ್ಲ. ಹೀಗೆ ಮಾಡಿದರೆ ಮಾನವ ಸಾಗಾಟ ಹೆಚ್ಚುತ್ತದೆ ಎನ್ನುತ್ತಾರೆ. 2013ರಲ್ಲಿ ಸುಮಾರು 150 ದೇಶಗಳ ಮಾಹಿತಿ ನೋಡಿ ಹಾಗೆ ಹೇಳಿದ ಅಧ್ಯಯನವೂ ಇದೆ. ಕದ್ದುಮುಚ್ಚಿ ನಡೆಯುವ ದಂಧೆಯ ಅಂಕಿಅಂಶ ನಂಬುವುದು ಕಷ್ಟ ಎಂದು ಅದನ್ನು ಬರೆದವರೇ ಹೇಳಿದ್ದಾರೆ. ಆದರೂ ಈ ಭಯ ಸುಳ್ಳಲ್ಲ, ಅದನ್ನು ನಾನು ಗೌರವಿಸುತ್ತೇನೆ. ಹಾಗಾಗಿಯೇ ಸ್ಪಷ್ಟವಾಗಿ ಹೇಳುತ್ತೇನೆ: ಸಾಗಾಟದ ಮೇಲಿನ ಒಂದು ಅಕ್ಷರವನ್ನೂ ಸಡಿಲ ಮಾಡಬೇಡಿ. ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್‌ನಲ್ಲಿ ಸಾಗಾಟಕ್ಕೆ ಕನಿಷ್ಠ ಏಳು ವರ್ಷ ಶಿಕ್ಷೆ ಇದೆ, ಮಕ್ಕಳಾದರೆ ಕನಿಷ್ಠ ಹತ್ತು ವರ್ಷ. ಪೋಕ್ಸೊ ಇದೆ. ಈ ಕೆಲಸಕ್ಕೆ ತಳ್ಳುವವರಿಗೆ ಐಟಿಪಿ ಕಾಯ್ದೆಯ ಐದನೇ ಸೆಕ್ಷನ್, ಕೂಡಿಹಾಕುವವರಿಗೆ ಆರನೇ ಸೆಕ್ಷನ್ ಇವೆ. ಅವೆಲ್ಲ ಇರಲಿ, ಇನ್ನೂ ಗಟ್ಟಿಯಾಗಿ ನಡೆಯಲಿ. ರಸ್ತೆಯಲ್ಲಿ ನಿಂತವಳ ಮೇಲೆ ಪೆಟ್ಟಿ ಕೇಸು ಹಾಕಿ ಲೆಕ್ಕ ತುಂಬಿಸುವ ಸಮಯವನ್ನು ಸಾಗಾಟಕ್ಕೆ ಸಿಕ್ಕ ಹುಡುಗಿಯರನ್ನು ಹುಡುಕಲು ಬಳಸಲಿ.

ಹೊಸ ಹುಡುಗಿಯೊಬ್ಬಳನ್ನು ಯಾರೋ ತಂದು ಕೂಡಿಹಾಕಿದ್ದಾರೆ ಎನ್ನುವುದು ಮೊದಲು ಗೊತ್ತಾಗುವುದು ಯಾರಿಗೆ? ಅದೇ ಓಣಿಯ ಹೆಣ್ಣುಮಕ್ಕಳಿಗೆ. ಕೋಲ್ಕತ್ತದ ಸೋನಾಗಾಚಿಯಲ್ಲಿ ಈ ವೃತ್ತಿಯ ಹೆಣ್ಣುಮಕ್ಕಳದೇ ಆದ ದರ್ಬಾರ್ ಸಂಘಟನೆಯವರು ತಾವೇ ಸಮಿತಿ ಮಾಡಿಕೊಂಡು ಅಪ್ರಾಪ್ತರನ್ನು, ಮನಸ್ಸಿಲ್ಲದೆ ಬಂದವರನ್ನು ಗುರುತಿಸಿ ವಾಪಸ್ ಕಳಿಸುವ ಕೆಲಸ ಮಾಡಿದ್ದಾರೆ. ನಮ್ಮ ಮೈಸೂರಿನ ಆಶೋದಯ ಸಮಿತಿಯನ್ನು ಈ ಹೆಣ್ಣುಮಕ್ಕಳೇ ಕಟ್ಟಿ ಬೆಳೆಸಿದ್ದಾರೆ. ಪಕ್ಕದ ಸಾಂಗ್ಲಿಯಲ್ಲಿ ಅಂಥದೇ ವ್ಯಾಂಪ್ ಸಂಘಟನೆ ಇದೆ. ಅಲ್ಲಿ ಕನ್ನಡ ಮಾತಾಡುವ ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಯ ಹೆಣ್ಣುಮಕ್ಕಳು ಬಹಳ ಮಂದಿ. ಇವರನ್ನೆಲ್ಲ ಪೊಲೀಸರ ಕಣ್ಣು ಕಿವಿ ಮಾಡಿಕೊಳ್ಳಬಹುದು. ಆದರೆ ನಾಳೆ ತನ್ನನ್ನೇ ಹಿಡಿಯುವವನಿಗೆ ಯಾರೂ ಸುಳಿವು ಕೊಡುವುದಿಲ್ಲ.

ಇನ್ನು ಕೆಲವರು, ನಾನು ಗೌರವಿಸುವ ಮಹಿಳಾ ಹೋರಾಟಗಾರ್ತಿಯರೂ ಸೇರಿ, ಸ್ವೀಡನ್ ಮಾದರಿ ತನ್ನಿ, ಗಿರಾಕಿಯನ್ನು ಮಾತ್ರ ಶಿಕ್ಷಿಸಿ ಎನ್ನುತ್ತಾರೆ. ಅಲ್ಲಿ 1999ರಿಂದ ಹಾಗಿದೆ. ಕೇಳಲು ನ್ಯಾಯ ಅನಿಸುತ್ತದೆ. ಆದರೆ ಗಿರಾಕಿಯನ್ನು ಹಿಡಿಯಲು ಪೊಲೀಸರು ನುಗ್ಗುವುದು ಆಕೆಯ ರೂಮಿಗೇ ಅಲ್ವಾ? ಹೆದರಿದ ಗಿರಾಕಿ ಬೆಳಕಿರುವ ಕಡೆ ನಿಲ್ಲುವುದಿಲ್ಲ, ಕತ್ತಲಲ್ಲಿ, ಅವಸರದಲ್ಲಿ ಕರೆಯುತ್ತಾನೆ. ಎಂಥವನು, ಕುಡಿದಿದ್ದಾನಾ, ಕಾಂಡೋಮ್‌ಗೆ ಒಪ್ಪುತ್ತಾನಾ ಎಂದು ನೋಡಲು ಆಕೆಗೆ ಸಿಗುವ ಎರಡು ನಿಮಿಷವೂ ಹೋಗುತ್ತದೆ. 2006ರಲ್ಲಿ ಕೇಂದ್ರ ಸರ್ಕಾರ ತಂದ ತಿದ್ದುಪಡಿ ಮಸೂದೆಯಲ್ಲಿ ಎಂಟನೇ ಸೆಕ್ಷನ್ ತೆಗೆಯುವ ಒಳ್ಳೆಯ ಪ್ರಸ್ತಾವವೂ ಇತ್ತು, ಗಿರಾಕಿಯನ್ನು ಶಿಕ್ಷಿಸುವ ಪ್ರಸ್ತಾವವೂ ಇತ್ತು. ಎರಡನ್ನೂ ಒಂದೇ ಗಂಟು ಹಾಕಿದ್ದರಿಂದ ಜಗಳ ಬೆಳೆಯಿತು. 2009ರಲ್ಲಿ ಲೋಕಸಭೆಯ ಅವಧಿ ಮುಗಿದಾಗ ಮಸೂದೆಯೂ ಬಿದ್ದುಹೋಯಿತು. ಎಂಟನೇ ಸೆಕ್ಷನ್ ಬೇಡ ಎಂದು ಕೇಂದ್ರಕ್ಕೇ ಅನಿಸಿ ಇಷ್ಟು ವರ್ಷವಾದರೂ ಅದರಡಿ ಹೆಣ್ಣುಮಕ್ಕಳು ದಂಡ ಕಟ್ಟುತ್ತಲೇ ಇದ್ದಾರೆ.

ಬಡತನದಿಂದ ಬಂದದ್ದನ್ನು ಆಯ್ಕೆ ಎನ್ನಬಹುದೇ ಎಂದು ಕೇಳುವವರಿಗೆ ನನ್ನ ತಕರಾರಿಲ್ಲ. ನಮ್ಮ ಭಾಗದಲ್ಲಿ ಈ ಪ್ರಶ್ನೆಗೆ ದೇವದಾಸಿ ಪದ್ಧತಿಯ ಇತಿಹಾಸವೇ ಇದೆ. ಅದನ್ನು ನಿಷೇಧಿಸಿದ 1982ರ ಕಾಯ್ದೆ ಬಂದ ಮೇಲೂ, 2007-08ರ ಸಮೀಕ್ಷೆವರೆಗೆ, ಸರ್ಕಾರವೇ ಗುರುತಿಸಿದ ದೇವದಾಸಿಯರು 46,660. ಹೆಚ್ಚಿನವರು ದಲಿತರು. ಮುತ್ತು ಕಟ್ಟಿಸಿಕೊಂಡಾಗ ಅವರನ್ನು ಯಾರೂ ಕೇಳಲಿಲ್ಲ. ಆದರೆ ಹಾಗೆ ಬಂದವಳಿಗೆ ಜೈಲು ಏನು ಕೊಡುತ್ತದೆ? ಹೊಲ ಕೊಡುತ್ತದೆಯೇ, ಮನೆ ಕೊಡುತ್ತದೆಯೇ? ಮಹಿಳಾ ಅಭಿವೃದ್ಧಿ ನಿಗಮದ ಚೇತನ ಯೋಜನೆಯಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರಿಗೆ ನೆರವು ಇದೆ. ಅದು ಹೆಚ್ಚಲಿ. ಬಿಡುವ ಮನಸ್ಸಿರುವವರಿಗೆ ಬಿಡಲು ದಾರಿ ಬೇಕು. ಪೊಲೀಸ್ ದಾಖಲೆ ಇದ್ದವಳಿಗೆ ಅಂಗನವಾಡಿಯಲ್ಲೂ ಕೆಲಸ ಸಿಗುವುದಿಲ್ಲ, ಗಾರ್ಮೆಂಟ್ಸ್‌ನಲ್ಲೂ ಸಿಗುವುದಿಲ್ಲ. ಕೇಸುಗಳೇ ಆ ದಾರಿಗೆ ಅಡ್ಡ ಬಿದ್ದಿವೆ.

ಆದ್ದರಿಂದ ನಿಮ್ಮಲ್ಲಿ ಕೇಳುವುದು ಇಷ್ಟು. ಡಿಜಿಪಿಯವರಿಂದ ಎಲ್ಲ ಠಾಣೆಗಳಿಗೂ ಲಿಖಿತ ಸುತ್ತೋಲೆ ಹೊರಡಿಸಿ. ವಯಸ್ಕ ಮಹಿಳೆಯರನ್ನು ಏಳು ಮತ್ತು ಎಂಟನೇ ಸೆಕ್ಷನ್ ಅಡಿ ಬಂಧಿಸಬಾರದು, ಕಾಂಡೋಮ್ ಮುದ್ದೆಮಾಲು ಆಗಬಾರದು, ದಾಳಿಯ ವೀಡಿಯೊ ಹೊರಗೆ ಹೋದರೆ ಕಳಿಸಿದ ಸಿಬ್ಬಂದಿಯ ಮೇಲೆ ಕ್ರಮ ಆಗಬೇಕು ಎಂದು ಅದರಲ್ಲಿ ಸ್ಪಷ್ಟವಾಗಿ ಇರಲಿ. ಹೊಡೆತ, ಅತ್ಯಾಚಾರ, ಸುಲಿಗೆಯ ದೂರು ತಂದವಳ ವೃತ್ತಿ ಕೇಳದೆ ಎಫ್‌ಐಆರ್ ಹಾಕಲಿ. ತಾಯಿಯ ಜೊತೆ ಇದ್ದ ತಪ್ಪಿಗೆ ಮಕ್ಕಳನ್ನು, ಮಗಳ ಜೊತೆ ಇದ್ದ ತಪ್ಪಿಗೆ ಮುದುಕರನ್ನು ನಾಲ್ಕನೇ ಸೆಕ್ಷನ್‌ಗೆ ಸೇರಿಸುವುದು ನಿಲ್ಲಲಿ. ಕೋರ್ಟುಗಳಲ್ಲಿ ಬಾಕಿ ಇರುವ ಎಂಟನೇ ಸೆಕ್ಷನ್ ಕೇಸುಗಳನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 360ನೇ ಸೆಕ್ಷನ್ ಪ್ರಕಾರ ವಾಪಸ್ ಪಡೆಯಲು ಸರ್ಕಾರಿ ಅಭಿಯೋಜಕರಿಗೆ ಸೂಚಿಸಿ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರ ಜೊತೆ ಕೂತು ರಾಜ್ಯದ ಮಹಿಳಾ ನಿಲಯಗಳಲ್ಲಿ ಮನಸ್ಸಿಲ್ಲದೆ ಇರುವ ವಯಸ್ಕರ ಪಟ್ಟಿ ತರಿಸಿಕೊಳ್ಳಿ. ಈ ಕೆಲಸಕ್ಕೆ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಎಲ್ಲ ಜಿಲ್ಲೆಗಳಲ್ಲೂ ಇದ್ದೇವೆ.

ಈ ಮಹಿಳೆಯರಿಗೆ ಮತದಾರರ ಗುರುತಿನ ಚೀಟಿ, ರೇಷನ್ ಕಾರ್ಡ್ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2021ರ ಡಿಸೆಂಬರ್‌ನಲ್ಲೇ ಹೇಳಿದೆ. ರೇಷನ್ ಕಾರ್ಡ್ ಇಲ್ಲದವಳಿಗೆ ಗೃಹಲಕ್ಷ್ಮಿಯ 2,000 ರೂಪಾಯಿಯೂ ಇಲ್ಲ. ಆಹಾರ ಇಲಾಖೆಗೆ ನಿಮ್ಮ ಸಂಪುಟದಿಂದ ಒಂದು ಮಾತು ಹೋದರೆ ಸಾಕು.

ಕೊನೆಯದಾಗಿ, ಏಳು, ಎಂಟು, 10ಎ ಸೆಕ್ಷನ್‌ಗಳನ್ನು, ಆಕೆಯನ್ನು ಇರುವ ಜಾಗದಿಂದಲೇ ಹೊರಗೆ ಕಳಿಸಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರ ಕೊಡುವ 20ನೇ ಸೆಕ್ಷನ್ ಅನ್ನು ತೆಗೆಯಬೇಕು, ಮನೆಯವರು ನಾಲ್ಕನೇ ಸೆಕ್ಷನ್‌ನಿಂದ ಹೊರಗುಳಿಯಬೇಕು, ಇಬ್ಬರು ಸೇರಿ ಇರುವ ರೂಮು ವೇಶ್ಯಾಗೃಹವಾಗಬಾರದು ಎಂದು ಕರ್ನಾಟಕ ಸರ್ಕಾರದಿಂದ ಕೇಂದ್ರಕ್ಕೆ ಶಿಫಾರಸು ಹೋಗಲಿ. ಆ ಶಿಫಾರಸಿನಲ್ಲಿ ನೋಂದಣಿ, ಕಾರ್ಡು, ಕಡ್ಡಾಯ ತಪಾಸಣೆಯ ಮಾತು ಮಾತ್ರ ಬೇಡ.

2022ರ ಆದೇಶದ ಪ್ರತಿ ಮತ್ತು ಹೆಸರುಗಳನ್ನು ಅಳಿಸಿದ ಮಹಜರುಗಳ ನಕಲನ್ನು ಈ ಪತ್ರದ ಜೊತೆ ನಿಮ್ಮ ಕಚೇರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದ್ದೇನೆ. ಮುಂದಿನ ಅಧಿವೇಶನಕ್ಕೆ ಮೊದಲು ಅರ್ಧ ಗಂಟೆ ಸಮಯ ಕೊಡಿ. ನಾನೊಬ್ಬಳೇ ಬರುವುದಿಲ್ಲ. ಈ ಕೆಲಸದಲ್ಲಿರುವ ಹೆಣ್ಣುಮಕ್ಕಳೂ ಬರುತ್ತಾರೆ. ಸುತ್ತೋಲೆಯಲ್ಲಿ ಏನಿರಬೇಕು ಎಂದು ಅವರನ್ನೇ ಕೇಳಿ.

ಇಂತಿ ತಮ್ಮ ವಿಶ್ವಾಸಿ,
ಕಾನೂನು ಸೇವಾ ಪ್ರಾಧಿಕಾರದ ಒಬ್ಬ ಪ್ಯಾನಲ್ ವಕೀಲೆ